ಚಿನ್ನದ ಗಣಿಯಲ್ಲಿ ಸಿಕ್ಕ ನ್ಯೂಟ್ರಿನೊ

ಕೈವಾರದ ಸುತ್ತಮುತ್ತ ಸಾವಿರ ಅಡಿ ಕೊರೆದರೂ ಕೊಳವೆಬಾವಿಯಲ್ಲಿ ನೀರು ಬಾರದ ಹೊಲಗಳಿವೆ. ಇಲ್ಲಿನ ಮಕ್ಕಳಿಗೆ ಭೌತವಿಜ್ಞಾನದ ದೊಡ್ಡ ಪ್ರಯೋಗಗಳ ಬಗ್ಗೆ ಹೇಳಿದರೆ ಮೊದಲು ಬರುವುದು ದುಡ್ಡಿನ ಪ್ರಶ್ನೆ: ಕಣ್ಣಿಗೆ ಕಾಣದ ಕಣಕ್ಕೆ ಕೋಟಿಗಟ್ಟಲೆ ಯಾಕೆ ಸುರಿಯಬೇಕು? ಕೇಳಲೇಬೇಕಾದ ಪ್ರಶ್ನೆ. ಉತ್ತರಕ್ಕೆ ಸ್ವಿಟ್ಜರ್ಲೆಂಡ್‌ನ ಪ್ರಯೋಗಾಲಯದವರೆಗೆ ಹೋಗಬೇಕಿಲ್ಲ. 2007ರವರೆಗೆ ನಾವೂ ಸೇರಿದ್ದ ಕೋಲಾರ ಜಿಲ್ಲೆಯಲ್ಲೇ, ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲೇ ಅದು ಸಿಗುತ್ತದೆ.

ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯೂಆನ್, ನ್ಯೂಟ್ರಿನೊ ಎಂಬ ಕಣಗಳು ಹುಟ್ಟುತ್ತವೆ. ಅಂಗೈ ಚಾಚಿದರೆ ಹೆಚ್ಚುಕಡಿಮೆ ಸೆಕೆಂಡಿಗೊಂದು ಮ್ಯೂಆನ್ ಅದನ್ನು ಹಾದುಹೋಗುತ್ತದೆ. ನ್ಯೂಟ್ರಿನೊ ಇಡೀ ಭೂಮಿಯನ್ನೇ ತೂರಿಕೊಂಡು ಆಚೆ ಹೋಗಬಲ್ಲದು. ಎಲ್ಲೋ ಅಪರೂಪಕ್ಕೆ ಪರಮಾಣುವಿಗೆ ಡಿಕ್ಕಿ ಹೊಡೆದು ಒಂದು ಮ್ಯೂಆನ್ ಹುಟ್ಟಿಸುತ್ತದೆ. ನೆಲದ ಮೇಲಿನ ಮ್ಯೂಆನ್ ಮಳೆಯಲ್ಲಿ ಆ ಒಂದನ್ನು ಗುರುತಿಸುವುದು ಹೇಗೆ? ಜರಡಿ ಬೇಕು. ಬಂಡೆಯೇ ಆ ಜರಡಿ.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ 1951ರಲ್ಲೇ ಉಪಕರಣ ಹೊತ್ತು ಕೆಜಿಎಫ್ ಗಣಿಗೆ ಇಳಿದಿದ್ದರು. ಆಮೇಲೆ ಜಪಾನಿನ ಒಸಾಕಾ, ಬ್ರಿಟನ್ನಿನ ಡರ್ಹ್ಯಾಮ್‌ನ ವಿಜ್ಞಾನಿಗಳೂ ಜೊತೆಗೂಡಿದರು. ಸುಮಾರು 2.3 ಕಿ.ಮೀ. ಆಳದಲ್ಲಿ ಪತ್ತೆಕಾರಕಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದರು. ನೆಟ್ಟಗೆ ಯಾಕೆ ಅಂದರೆ, ಅಷ್ಟು ಆಳಕ್ಕೂ ನುಸುಳಿ ಬರುವ ಮಾಮೂಲಿ ಮ್ಯೂಆನ್ ಮೇಲಿಂದ ಬೀಳುತ್ತದೆ. ಅಡ್ಡಡ್ಡ ಬರಬೇಕಾದರೆ ಅದು ಎಷ್ಟೋ ಪಟ್ಟು ಹೆಚ್ಚು ಬಂಡೆ ದಾಟಬೇಕು; ದಾಟಲಾರದು. ಹಾಗಾಗಿ ಅಡ್ಡ ಬಂದದ್ದು ಪಕ್ಕದ ಬಂಡೆಯೊಳಗೆ ನ್ಯೂಟ್ರಿನೊ ಹುಟ್ಟಿಸಿದ್ದೇ ಇರಬೇಕು. 1965ರಲ್ಲಿ ಅಂಥ ಗುರುತುಗಳು ಸಿಕ್ಕವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳು ಜಗತ್ತಿನಲ್ಲಿ ಮೊದಲು ಪತ್ತೆಯಾದದ್ದು ಆ ವರ್ಷ, ಇಲ್ಲಿ ಮತ್ತು ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ.

ಈಗ ಖರ್ಚಿಗೆ ಬರೋಣ. ಸುರಂಗ ತೋಡಿದ್ದು ಚಿನ್ನಕ್ಕಾಗಿ, ಬೆವರು ಸುರಿಸಿದ್ದು ಗಣಿ ಕಾರ್ಮಿಕರು. ವಿಜ್ಞಾನಕ್ಕೆ ಆಳ ಪುಕ್ಕಟೆಯಾಗಿ ದಕ್ಕಿತು. 2001ರಲ್ಲಿ ಗಣಿಯೇ ಮುಚ್ಚಿತು. ಹೊಸದಾಗಿ ಅಂಥ ಜಾಗ ಮಾಡಲು, 50,000 ಟನ್ ಕಬ್ಬಿಣದ ಪತ್ತೆಕಾರಕ ಇಡಲು, ತಮಿಳುನಾಡಿನ ತೇಣಿ ಜಿಲ್ಲೆಯ ಬೆಟ್ಟವೊಂದನ್ನು ಆರಿಸಿದರು. ಕೇಂದ್ರ ಸಂಪುಟ 2015ರಲ್ಲಿ ಒಪ್ಪಿದ ಮೊತ್ತ ಸುಮಾರು 1,500 ಕೋಟಿ ರೂಪಾಯಿ.

ದೇಶದ ಜನಸಂಖ್ಯೆಗೆ ಹಂಚಿದರೆ ತಲೆಗೆ ಹನ್ನೊಂದು ರೂಪಾಯಿ ಎನ್ನುವವರಿದ್ದಾರೆ. ಆ ವಾದ ನನಗೆ ಹಿಡಿಸದು. ಹಾಗೆ ಹಂಚಿದರೆ ಯಾವ ದುಂದುವೆಚ್ಚವೂ ಚಿಲ್ಲರೆಯಾಗಿ ಕಾಣುತ್ತದೆ. ನಾನು ಕೇಳುವುದು ಇದು: ಪ್ರಯೋಗ ಕೇಳುವ ಪ್ರಶ್ನೆಗೆ ಕಡಿಮೆ ಖರ್ಚಿನಲ್ಲಿ ಉತ್ತರ ಸಿಗುತ್ತದೆಯೇ? ಬೇರೊಂದು ಪ್ರಶ್ನೆಗೆ ಗೌರಿಬಿದನೂರಿನಲ್ಲಿ ಹಾಗೆ ಸಿಕ್ಕಿತು. 1970ರ ದಶಕದಲ್ಲಿ ಬೆಂಗಳೂರಿನ ಎರಡು ಸಂಸ್ಥೆಗಳು ಅಲ್ಲಿನ ಬಯಲಲ್ಲಿ ಕಂಬ ನೆಟ್ಟು, ತಂತಿ ಎಳೆದು, ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಜೋಡಿಸಿದವು. ಪೂರ್ವ-ಪಶ್ಚಿಮದ ಉದ್ದವೇ 1.4 ಕಿ.ಮೀ. ಆಕಾಶದ ರೇಡಿಯೋ ನಕ್ಷೆ ಅಲ್ಲಿ ತಯಾರಾಯಿತು. ನ್ಯೂಟ್ರಿನೊಗೆ ಆ ದಾರಿ ಇಲ್ಲ, ಬಂಡೆಯ ಆಳ ಬೇಕೇ ಬೇಕು. ಆದ್ದರಿಂದ ಈ ಖರ್ಚು ಸರಿ ಎಂದೇ ನನ್ನ ನಂಬಿಕೆ.

ತೇಣಿಯವರು ವಿರೋಧಿಸಿದರು, ಯೋಜನೆ ನಿಂತಿತು. ಬೆಟ್ಟ ಕೊರೆದರೆ ನಮ್ಮ ನೀರಿನ ಗತಿಯೇನು ಎಂಬುದು ಅವರ ಅಳಲುಗಳಲ್ಲೊಂದು. ಕೈವಾರದಲ್ಲಿ ಕೊರೆಯಲು ಹೊರಟಿದ್ದರೆ ನಾವೂ ಅದನ್ನೇ ಕೇಳುತ್ತಿದ್ದೆವು. ಅವರಿಗೆ ತಮಿಳಿನಲ್ಲಿ, ಅಂಕಿಅಂಶ ಮುಂದಿಟ್ಟು ಉತ್ತರ ಹೇಳುವ ಖರ್ಚೂ ಆ 1,500 ಕೋಟಿಯೊಳಗೇ ಬರಬೇಕು.