ಬೇತಾಳ ಮತ್ತು ವ್ಯಾಂಪೈರ್: ಒಂದು ಪದವಿವೇಚನೆ

ಸಂಸ್ಕೃತದ ‘ವೇತಾಲ’ ಕನ್ನಡದಲ್ಲಿ ವಕಾರವು ಬಕಾರವಾಗಿ ‘ಬೇತಾಳ’ವಾಯಿತು. ಮರಾಠಿಯ ‘ವೇತಾಳ’ವೂ ನಮ್ಮ ಸೇಲಂ, ಧರ್ಮಪುರಿಗಳಲ್ಲಿ ಕೇಳಿಬರುವ ತಮಿಳಿನ ‘ವೇದಾಳಂ’ ಎಂಬುದೂ ವಕಾರವನ್ನು ಉಳಿಸಿಕೊಂಡಿವೆ. 11ನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಬೇತಾಳವು ಶವವೊಂದನ್ನು ಹೊಕ್ಕಿರುತ್ತದೆ. ಅದನ್ನು ಹೊತ್ತು ನಡೆಯುವ ರಾಜ ತ್ರಿವಿಕ್ರಮಸೇನನಿಗೆ ಕಥೆ ಹೇಳಿ, ಪ್ರಶ್ನೆ ಕೇಳಿ, ಅವನ ನ್ಯಾಯಬುದ್ಧಿಯನ್ನು ಪರೀಕ್ಷಿಸುತ್ತದೆ; ಕೊನೆಗೆ ಕಪಟ ಭಿಕ್ಷುವಿನ ಸಂಚನ್ನು ತಿಳಿಸಿ ಅವನ ಪ್ರಾಣ ಉಳಿಸುತ್ತದೆ.

ಈ ಕಥೆಗಳನ್ನು 1870ರಲ್ಲಿ ಇಂಗ್ಲಿಷಿಗೆ ತಂದ ರಿಚರ್ಡ್ ಬರ್ಟನ್ ಬೇತಾಳವನ್ನು ‘ವ್ಯಾಂಪೈರ್’ ಎಂದು ಕರೆದನು. ಆ ಪದಕ್ಕೆ ಬೇರೆಯೇ ಪರಂಪರೆಯಿದೆ. ಪಾಲಿಡೋರಿಯ 1819ರ ಕಥೆಯಿಂದ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ದವರೆಗೆ (1897) ವ್ಯಾಂಪೈರ್ ಎಂದರೆ ಜೀವಂತರ ರಕ್ತ ಹೀರುವ ಪ್ರೇತ. ದಿನಚರಿ, ಪತ್ರಗಳ ರೂಪದ ಸ್ಟೋಕರನ ಕಾದಂಬರಿಯಲ್ಲಿ ಡ್ರಾಕುಲಾ ಹಗಲಿನಲ್ಲಿಯೂ ಸಂಚರಿಸುತ್ತಾನೆ. ಅದನ್ನಾಧರಿಸಿ ಮುರ್ನೌ ನಿರ್ದೇಶಿಸಿದ ‘ನೊಸ್ಫೆರಾಟು’ (1922) ಚಿತ್ರದಲ್ಲಿ ಸೂರ್ಯಕಿರಣವೇ ಪ್ರೇತವನ್ನು ಕೊಲ್ಲುತ್ತದೆ. ಮುಂದಿನ ಹಲವು ಚಿತ್ರಗಳು ಇದನ್ನೇ ನಿಯಮವೆಂದು ಸ್ವೀಕರಿಸಿದವು.

ಆದುದರಿಂದ ಭಾಷಾಂತರಿಸುವಾಗ ವ್ಯಾಂಪೈರಿಗೆ ‘ರಕ್ತಪಿಪಾಸು ಪ್ರೇತ’ ಎನ್ನುವುದು ಯುಕ್ತ. ‘ಬೇತಾಳ’ ಎಂದರೆ ಪ್ರಶ್ನಿಸುವ, ಕಾಪಾಡುವ ಆ ಕಥನಕಾರನು ಮರೆಯಾಗುತ್ತಾನೆ.

ಅಭ್ಯಾಸ: ವಕಾರವು ಬಕಾರವಾಗಿರುವ ಐದು ತದ್ಭವಗಳನ್ನು ಸಂಗ್ರಹಿಸಿರಿ.