ಕರಗುವ ಮೂರ್ತಿ, ಉಳಿಯುವ ಕೈಗುಣ: ಕಿರುಮೂರ್ತಿ ಕಲೆಯ ಒಂದು ಪಾಠ

ಜ್ಯೇಷ್ಠ ಮಾಸದ ಅಮಾವಾಸ್ಯೆ ಬಂದಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಸೀಮೆಯ ಮನೆಗಳ ಜಗುಲಿಯ ಮೇಲೆ ಒಂದು ಜೊತೆ ಮಣ್ಣಿನ ಎತ್ತುಗಳು ನಿಲ್ಲುತ್ತವೆ. ಅವುಗಳ ಮುಂದೆ ಮಣ್ಣಿನದೇ ಗ್ವಾದಲಿ. ಬಿತ್ತನೆಯ ಕಾಲದಲ್ಲಿ ತನ್ನೊಡನೆ ದುಡಿಯುವ ಮೂಕಪ್ರಾಣಿಗೆ ಒಕ್ಕಲಿಗನು ಸಲ್ಲಿಸುವ ಗೌರವವಿದು. ಪೂಜೆ ಮುಗಿದ ಮರುದಿನ ಆಟ ಆರಂಭವಾಗುತ್ತದೆ. ಹುಡುಗರು ಮಣ್ಣೆತ್ತಿನ ಒಂದು ಕಾಲು ಮುರಿದು ಅದನ್ನು ‘ಕುಂಟೆತ್ತು’ ಮಾಡುತ್ತಾರೆ. ಹಲಗೆಯ ಮೇಲಿರಿಸಿಕೊಂಡು ಹಾಡುತ್ತ ಮನೆಮನೆಗೆ ಹೋಗಿ ಕಾಳುಕಡಿ ಬೇಡುತ್ತಾರೆ. ಜಗುಲಿಯ ಮೇಲೆ ಪೂಜೆಗೊಂಡ ಎತ್ತು ಕಾಲೊಂದನ್ನು ಕಳೆದುಕೊಂಡ ಮಾತ್ರಕ್ಕೆ ಕಥೆಯೊಳಗಿನ ಪಾತ್ರವಾಗಿಬಿಡುತ್ತದೆ.

ಪುಟ್ಟ ಮೂರ್ತಿಯನ್ನು ರೂಪಿಸುವುದು, ಇದ್ದ ಮೂರ್ತಿಯನ್ನು ಮಾರ್ಪಡಿಸಿ ಹೊಸ ಪಾತ್ರವಾಗಿಸುವುದು, ಬಣ್ಣವಿಟ್ಟು ಅದಕ್ಕೆ ಜೀವಕಳೆ ತರುವುದು – ಕಿರುಮೂರ್ತಿ ಕಲೆಯ ಮೂರು ಅಂಗಗಳಿವು. ಈ ಕಲೆಯು ಮಗುವಿನ ಶಿಕ್ಷಣಕ್ಕೆ ಏನು ನೀಡಬಲ್ಲದು, ಈ ಸೀಮೆಯಲ್ಲಿ ಅದು ಹೇಗೆ ಉಳಿದುಬಂದಿತು, ಇಂದು ಅದಕ್ಕೆ ಒದಗಿರುವ ಕುತ್ತು ಯಾವುದು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಲ್ಪಿತ ಲೋಕದ ಪ್ರಜೆಗಳು

ಪಾಶ್ಚಾತ್ಯ ದೇಶಗಳಲ್ಲಿ ಈ ಕಲೆ ದೊಡ್ಡ ಹವ್ಯಾಸವಾಗಿ ಬೆಳೆದಿದೆ. ಆಂಗ್ಲ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು, ಆಟಿಕೆಯ ಸೈನಿಕರಿಂದ ಕಾಳಗದ ಆಟ ಆಡುವ ನಿಯಮಗಳನ್ನು ರೂಪಿಸಿದನು. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಆಂಡ್ ಡ್ರಾಗನ್ಸ್’, 1983ರಲ್ಲಿ ಇಂಗ್ಲೆಂಡಿನಲ್ಲಿ ‘ವಾರ್‌ಹ್ಯಾಮರ್’ ಎಂಬ ಆಟಗಳು ಪ್ರಕಟವಾದವು. ರಾಕ್ಷಸರು, ಮಾಂತ್ರಿಕರು, ವೀರರು ತುಂಬಿದ ಕಲ್ಪಿತ ಲೋಕವೇ ಇವುಗಳ ರಂಗಭೂಮಿ. ವಾರ್‌ಹ್ಯಾಮರ್‌ನಂಥ ಆಟಗಳಲ್ಲಿ ಒಂದೊಂದು ಪಾತ್ರಕ್ಕೂ ಸುಮಾರು 28 ಮಿಲಿಮೀಟರ್ ಎತ್ತರದ ಮೂರ್ತಿಯಿರುತ್ತದೆ. ಆಟಗಾರರು ಒಂದು ಮೂರ್ತಿಯ ತೋಳನ್ನು ಕತ್ತರಿಸಿ ಮತ್ತೊಂದಕ್ಕೆ ಜೋಡಿಸುತ್ತಾರೆ; ಸಂದುಗಳಿಗೆ ಎರಡು ಭಾಗಗಳನ್ನು ನಾದಿ ಸಿದ್ಧಪಡಿಸಿದ ಗಟ್ಟಿಯಾಗುವ ಲೇಪ ತುಂಬುತ್ತಾರೆ; ಸಣ್ಣ ಕುಂಚದಿಂದ ಬಣ್ಣವಿಡುತ್ತಾರೆ.

ಇದನ್ನು ಕೇಳಿ ಅಚ್ಚರಿಪಡುವವರು ಸ್ವಂತ ಊರಿನ ಹಬ್ಬಗಳ ಕಡೆಗೊಮ್ಮೆ ಕಣ್ಣು ಹಾಯಿಸಬೇಕು. ಉತ್ತರ ಕರ್ನಾಟಕದ ಮುಂಗಾರಿನ ತಿಂಗಳುಗಳು ಮಣ್ಣಿನ ಮೂರ್ತಿಗಳ ಮೆರವಣಿಗೆಯೇ ಸರಿ. ಮಣ್ಣೆತ್ತಿನ ಅಮಾವಾಸ್ಯೆಯ ಬೆನ್ನಿಗೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುತ್ತಾರೆ. ಶ್ರಾವಣದಲ್ಲಿ ಪಂಚಮಿಯ ನಾಗಪ್ಪ, ಭಾದ್ರಪದ ಚೌತಿಗೆ ಗಣಪತಿ. ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಆಯುಷ್ಯ ತೀರಿಸುವ ಜೋಕುಮಾರನು ಅಗಲವಾದ ಮುಖ, ದೊಡ್ಡ ಕಣ್ಣು, ಹುರಿಮೀಸೆಗಳೊಡನೆ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುತ್ತಾನೆ. ಕಡುಬು ಉಂಡುಹೋದ ಗಣಪತಿಯು ಭೂಲೋಕ ಸುಭಿಕ್ಷವಾಗಿದೆಯೆಂದು ಶಿವಪಾರ್ವತಿಯರಿಗೆ ಹೇಳಿದರೆ, ಬಡವರ ಕಷ್ಟ ಕಂಡ ಜೋಕುಮಾರನು ಇದ್ದುದನ್ನು ಇದ್ದಂತೆ ತಿಳಿಸಿ ಮಳೆ ತರಿಸುತ್ತಾನೆಂಬುದು ಜನಪದರ ನಂಬಿಕೆ. ದೀಪಾವಳಿಯ ಪಾಡ್ಯಕ್ಕೆ ಸಗಣಿಯ ಪಾಂಡವರು ಉತ್ತರಾಣಿ ಕಡ್ಡಿ, ಚೆಂಡುಹೂಗಳನ್ನು ಮುಡಿದು ಬಾಗಿಲ ಬಳಿ ಕೂಡುತ್ತಾರೆ. ಕಥೆ, ಪಾತ್ರ, ಮೂರ್ತಿ, ಆಟ – ಎಲ್ಲವೂ ಇಲ್ಲಿ ಒಂದಾಗಿವೆ.

ಮಣ್ಣಿನ ಗುಣ

ಮೂರ್ತಿಯ ಮೊದಲ ಪಾಠ ಮಣ್ಣಿನದು. ಬೈಲಹೊಂಗಲ ಭಾಗದ ಎರೆಮಣ್ಣು ಹತ್ತಿಗೂ ಜೋಳಕ್ಕೂ ತಾಯಿಯಾದರೂ ಮೂರ್ತಿಗೆ ಅಷ್ಟಾಗಿ ಒಗ್ಗದು. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುವುದು ಅದರ ಸ್ವಭಾವ. ಅದರೊಳಗಿನ ಸೂಕ್ಷ್ಮ ಪದರುಗಳು ತಮ್ಮ ನಡುವೆ ನೀರನ್ನು ಹೀರಿಕೊಂಡು ಬಿಟ್ಟುಕೊಡುವುದೇ ಇದಕ್ಕೆ ಕಾರಣ. ಬೇಸಿಗೆಯ ಹೊಲದಲ್ಲಿ ಬಾಯಿಬಿಡುವ ಬಿರುಕುಗಳೇ ಎತ್ತಿನ ಬೆನ್ನ ಮೇಲೂ ಕಾಣಿಸಿಕೊಳ್ಳುತ್ತವೆ. ಆದ್ದರಿಂದಲೇ ಕುಂಬಾರನು ಕೆರೆಯ ಜೇಡಿಮಣ್ಣನ್ನು ಆರಿಸಿ ತಂದು, ಕುಟ್ಟಿ, ಜರಡಿ ಹಿಡಿದು, ನೆನೆಹಾಕಿ, ಬೂದಿಯನ್ನೋ ಸಣ್ಣ ಮರಳನ್ನೋ ಬೆರೆಸಿ ತುಳಿದು ಹದಗೊಳಿಸುತ್ತಾನೆ. ಅರಳೆಯ ಎಳೆ ಬೆರೆಸಿದರೆ ಬಿರುಕು ಮತ್ತಷ್ಟು ಕಡಿಮೆಯಾಗುತ್ತದೆ.

ಇದನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. ಬೈಲಹೊಂಗಲದ ಎರೆಮಣ್ಣು, ಕಿತ್ತೂರು ಕಡೆಯ ಕೆಂಪುಮಿಶ್ರಿತ ಮಣ್ಣು, ಸವದತ್ತಿ ಮತ್ತು ರಾಮದುರ್ಗಗಳಲ್ಲಿ ಮಲಪ್ರಭೆಯ ದಂಡೆಯ ಮೆಕ್ಕಲುಮಣ್ಣು – ಇವುಗಳಿಂದ ಒಂದೊಂದು ಬಿಲ್ಲೆ ತಟ್ಟಿ, ಪ್ರತಿಯೊಂದರ ಮೇಲೂ 10 ಸೆಂಟಿಮೀಟರ್ ಉದ್ದದ ಗೆರೆ ಕೊರೆಯಬೇಕು. ನೆರಳಿನಲ್ಲಿ ಒಣಗಿದ ಮೇಲೆ ಗೆರೆಯನ್ನು ಮತ್ತೆ ಅಳೆಯಬೇಕು. ಗೆರೆ 9.4 ಸೆಂಟಿಮೀಟರ್ ಆಗಿದ್ದರೆ ಆ ಮಣ್ಣು ಶೇಕಡಾ 6ರಷ್ಟು ಕುಗ್ಗಿತೆಂದು ಅರ್ಥ. ಭೂಗೋಲ, ಗಣಿತ, ವಿಜ್ಞಾನ ಮೂರೂ ಒಂದು ಹಿಡಿ ಮಣ್ಣಿನಲ್ಲಿ ಕೂಡುತ್ತವೆ.

ರೂಪ ಮತ್ತು ಮಾರ್ಪಾಟು

ಎತ್ತು ಮಾಡುವ ಮಗು ಮೊದಲಿಗೆ ಕೊಂಬು, ಬಾಲಗಳಿಗೆ ಕೈಹಾಕುವುದು ಸಹಜ. ಅದು ತಪ್ಪು. ಮೊದಲು ಮೈಯ ಮುದ್ದೆ, ಅನಂತರ ಇಣಿ ಮತ್ತು ಕೊರಳು, ಆಮೇಲೆ ಕಾಲು, ಕಟ್ಟಕಡೆಗೆ ಕೊಂಬು. ತೆಳುವಾದ ಭಾಗ ಬೇಗ ಒಣಗುತ್ತದೆ, ದಪ್ಪ ಭಾಗ ನಿಧಾನವಾಗಿ ಒಣಗುತ್ತದೆ. ಈ ಅಂತರದಿಂದಲೇ ಕೂಡಿಕೆಯ ಜಾಗ ಬಿರಿಯುತ್ತದೆ. ಆದುದರಿಂದ ಕಾಲುಗಳನ್ನು ಮೋಟಾಗಿ, ದಪ್ಪವಾಗಿ ಮಾಡಬೇಕು. ಜೋಡಿಸುವ ಎರಡೂ ಮೈಗಳನ್ನು ಗೀರಿ, ನೀರುಮಣ್ಣು ಸವರಿ, ಹಸಿಯಿದ್ದಾಗಲೇ ಒತ್ತಬೇಕು. ಕೊರಳೊಳಗೆ ಜೋಳದ ದಂಟಿನ ಸೀಳೊಂದನ್ನು ಇರಿಸಿದರೆ ತಲೆ ಬಾಗದು. ಕುಂಬಾರರ ಮಣ್ಣೆತ್ತು ಗಿಡ್ಡಗಾಲಿನದಾಗಿರುವುದು ಕೈಲಾಗದ್ದರಿಂದಲ್ಲ; ಮಣ್ಣಿನ ಮಿತಿಯನ್ನರಿತ ಜಾಣ್ಮೆಯಿಂದ.

ಮಾರ್ಪಾಟಿನ ಪಾಠ ಇನ್ನೂ ಸೊಗಸಾದುದು. ಬೆಳಗಾವಿ ನಗರದಲ್ಲಿ ದೀಪಾವಳಿಯ ಸಮಯಕ್ಕೆ ಮಕ್ಕಳು ಕಲ್ಲುಮಣ್ಣುಗಳಿಂದ ಕೋಟೆ ಕಟ್ಟಿ, ಅದರ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸುವ ರೂಢಿಯಿದೆ. ಅದೇ ಬಗೆಯಲ್ಲಿ ಈ ಭಾಗದ ಶಾಲೆಗಳು ಕಿತ್ತೂರಿನ ಕೋಟೆಯನ್ನು ಕಟ್ಟಬಹುದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯವು ಕಂಪನಿ ಸೈನ್ಯವನ್ನು ಎದುರಿಸಿ, ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದ ದಿನ ಇತಿಹಾಸದಲ್ಲಿ ಸ್ಥಿರವಾಗಿದೆ. ಒಂದೇ ಅಳತೆಯ ಮೂವತ್ತು ಮೈಗಳನ್ನು ಮಾಡಿಕೊಂಡರೆ ಸಾಕು. ಒಂದಕ್ಕೆ ರುಮಾಲು ಸುತ್ತಿ ಬಂದೂಕು ಕೊಟ್ಟರೆ ಅಮಟೂರ ಬಾಳಪ್ಪ. ಮತ್ತೊಂದಕ್ಕೆ ಕತ್ತಿ ಹಿಡಿಸಿದರೆ ಸಂಗೊಳ್ಳಿ ರಾಯಣ್ಣ. ಟೊಪ್ಪಿಗೆ ತೊಡಿಸಿದರೆ ಕಂಪನಿಯ ಸಿಪಾಯಿ. ಕುದುರೆಯ ಮೇಲೆ ಸೆರಗು ಬಿಗಿದು ಕುಳ್ಳಿರಿಸಿದರೆ ರಾಣಿ ಚೆನ್ನಮ್ಮ. ಮೈ ಒಂದೇ, ಭಂಗಿಯಿಂದ ವ್ಯಕ್ತಿ ಬೇರೆ. 5 ಅಡಿ 4 ಅಂಗುಲದ ಮನುಷ್ಯನನ್ನು 4 ಅಂಗುಲಕ್ಕೆ ಇಳಿಸಿದರೆ ಪ್ರಮಾಣ ಹದಿನಾರಕ್ಕೆ ಒಂದು. ಆಗ 20 ಅಡಿಯ ಗೋಡೆ 15 ಅಂಗುಲವಾಗಬೇಕು. ಪ್ರಮಾಣಗಣಿತವನ್ನು ಇದಕ್ಕಿಂತ ಸುಲಭವಾಗಿ ಕಲಿಸುವ ಬಗೆ ವಿರಳ.

ಬಣ್ಣದ ವಿವೇಕ

ಬಣ್ಣಕ್ಕೆ ಪೇಟೆಯನ್ನೇ ನೆಚ್ಚಬೇಕಾಗಿಲ್ಲ. ಬಿಳಿಗೆ ಸುಣ್ಣ, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ದೀಪದ ಕಾಡಿಗೆ, ಹಳದಿಗೆ ಅರಿಷಿಣ. ಹಸಿ ಸುಣ್ಣದ ಮೇಲೆ ಅರಿಷಿಣವಿಟ್ಟರೆ ಅದು ಕೆಂಪಾಗುತ್ತದೆ. ಕ್ಷಾರವು ಅರಿಷಿಣದ ಬಣ್ಣವನ್ನು ಬದಲಿಸುವುದೇ ಇದರ ಮರ್ಮ. ಮೊದಲು ಮೈಬಣ್ಣ, ಅದು ಆರಿದ ಮೇಲೆ ತೆಳುವಾದ ಕಪ್ಪುನೀರು ಬಳಿದರೆ ಅದು ತಗ್ಗಿನಲ್ಲಿ ಇಳಿದು ನೆರಳಾಗುತ್ತದೆ, ಕಡೆಗೆ ಒಣಕುಂಚದಿಂದ ಉಬ್ಬಿದ ಭಾಗಗಳನ್ನಷ್ಟೇ ಸವರಿದರೆ ಬೆಳಕಾಗುತ್ತದೆ. ಪಶ್ಚಿಮದ ಹವ್ಯಾಸಿಗಳು ಅನುಸರಿಸುವ ಕ್ರಮವೂ ಇದೇ. ಗುಳ್ಳವ್ವನಿಗೆ ಗುಲಗಂಜಿ, ಜೋಳ, ಕುಸುಬಿ ಕಾಳುಗಳನ್ನು ಒತ್ತಿ ಸಿಂಗರಿಸುವರು. ಆದರೆ ಗುಲಗಂಜಿಯ ಬೀಜವು ಜಗಿದರೆ ಕಡುವಿಷವೆಂಬುದನ್ನು ಶಿಕ್ಷಕರು ಮರೆಯಬಾರದು. ಚಿಕ್ಕ ಮಕ್ಕಳ ಕೈಗೆ ಅದನ್ನು ಕೊಡದಿರುವುದೇ ಲೇಸು. ಸುಣ್ಣವನ್ನೂ ಹಿರಿಯರೇ ನಿರ್ವಹಿಸಬೇಕು.

ಒದಗಿರುವ ಕುತ್ತು

ಹಬ್ಬ ಮುಗಿದ ಮೇಲೆ ಈ ಮೂರ್ತಿಗಳು ಹೊಳೆ, ಕೆರೆ, ಬಾವಿಗಳನ್ನು ಸೇರಿ ಕರಗುತ್ತವೆ. ಮೇಲುನೋಟಕ್ಕೆ ಇದು ನಷ್ಟ. ಆದರೆ ಈ ಕಲೆಯನ್ನು ತಲೆಮಾರುಗಳಿಂದ ಕಾಪಾಡಿದುದು ಈ ಕರಗುವಿಕೆಯೇ. ಹೋದ ವರ್ಷದ ಎತ್ತು ಉಳಿದಿಲ್ಲವಾದ್ದರಿಂದ ಈ ವರ್ಷ ಮತ್ತೆ ಮಾಡಲೇಬೇಕು. ಮಾಡುವ ಅಜ್ಜಿಯ ಪಕ್ಕದಲ್ಲಿ ಮೊಮ್ಮಗಳು ಕುಳಿತೇ ಕುಳಿತಿರುತ್ತಾಳೆ. ಮೂರ್ತಿ ಹೋಗುತ್ತದೆ, ಕೈಗುಣ ಉಳಿಯುತ್ತದೆ.

ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟರ್ ಮೂರ್ತಿಗಳು ಪೇಟೆಗೆ ಬಂದ ಮೇಲೆ ಈ ಸರಪಳಿ ಸಡಿಲಾಯಿತು. ಅವು ನೀರಿನಲ್ಲಿ ಸುಲಭವಾಗಿ ಕರಗವು. ಅವುಗಳ ರಾಸಾಯನಿಕ ಬಣ್ಣ ನೀರನ್ನು ಕೆಡಿಸುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಪ್ಲಾಸ್ಟರ್ ಮೂರ್ತಿಗಳನ್ನು ನಿಷೇಧಿಸಿತು. ನೀರಿನ ಹಾನಿಯನ್ನು ಕಾನೂನು ತಡೆಯಬಹುದು. ಕೈಯ ಹಾನಿಯನ್ನು ತಡೆಯುವುದು ಯಾವ ಕಾನೂನಿಗೂ ಸಾಧ್ಯವಿಲ್ಲ. ಕೊಂಡುತಂದ ಎತ್ತಿನ ಕಾಲನ್ನು ಮುರಿಯಲು ಮಗು ಅಂಜುತ್ತದೆ. ತಾನೇ ಮಾಡಿದ ಎತ್ತನ್ನು ಕುಂಟೆತ್ತಾಗಿಸಲು ಅದಕ್ಕೆ ಧೈರ್ಯವಿರುತ್ತದೆ, ಏಕೆಂದರೆ ಮತ್ತೊಂದನ್ನು ಮಾಡಬಲ್ಲೆನೆಂಬ ಭರವಸೆ ಅದರ ಕೈಯಲ್ಲಿಯೇ ಇದೆ.

ಕುಂಬಾರ ಗುಂಡಯ್ಯನು ತಿಗುರಿಯ ಕಾಯಕದಿಂದಲೇ ಶರಣರ ಸಾಲಿನಲ್ಲಿ ನಿಂತನು. ಹರಿಹರ ಕವಿಯು ಅವನ ಮೇಲೆ ರಗಳೆಯನ್ನೇ ರಚಿಸಿದನು. ಕಾಯಕವನ್ನು ಕೊಂಡಾಡುವ ನಾಡಿನಲ್ಲಿ ಮಣ್ಣು ಮುಟ್ಟಿದ ಕೈಯನ್ನು ತೊಳೆದುಕೊಂಡು ಬಾ ಎಂದು ತರಗತಿಯಿಂದ ಹೊರಗೆ ಕಳಿಸುವುದು ತರವಲ್ಲ. ಪ್ರತಿ ಶಾಲೆಯೂ ಮುಂಗಾರಿಗೆ ಮೊದಲು ಒಂದು ಬಂಡಿ ಕೆರೆಮಣ್ಣು ತರಿಸಲಿ. ಊರಿನ ಕುಂಬಾರರೊಬ್ಬರನ್ನು ಗುರುವಿನ ಪೀಠದಲ್ಲಿ ಕುಳ್ಳಿರಿಸಿ, ಗೌರವಧನ ಸಲ್ಲಿಸಿ ನಾಲ್ಕು ದಿನ ಕಲಿಸಲು ಕೇಳಿಕೊಳ್ಳಲಿ. ಕಟ್ಟಡಗಳಿಗೆ ಕೈನೀಡಿದ ದಾನಿಗಳಿಗೆ ಇದು ಹೊರೆಯಲ್ಲ. ದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳನ್ನು ಆ ಅಮಾವಾಸ್ಯೆಗೆ ಊರಿಗೆ ಕರೆತರಲಿ. ಅವರು ಮಾಡುವ ಎತ್ತು ವಕ್ರವಾಗಿರಬಹುದು, ಒಂದು ಕೊಂಬು ಗಿಡ್ಡವಾಗಿರಬಹುದು. ಚಿಂತೆಯಿಲ್ಲ. ಅದು ಕರಗಿಹೋಗುವುದು, ಮುಂದಿನ ವರ್ಷದ ಎತ್ತು ಇದಕ್ಕಿಂತ ನೆಟ್ಟಗೆ ನಿಲ್ಲುವುದು.