ಪಿಎಚ್ 5: ಒಂದು ತೂಗುದೀಪದ ವಿನ್ಯಾಸ ಮತ್ತು ಅದರ ಹಕ್ಕು

ಡೆನ್ಮಾರ್ಕಿನ ಮನೆಗಳಲ್ಲಿ ಊಟದ ಮೇಜಿನ ಮೇಲೆ ತೂಗುವ ದೀಪಗಳ ಪೈಕಿ ಪಿಎಚ್ 5 ಅತ್ಯಂತ ಪರಿಚಿತವಾದುದು. 1958ರಲ್ಲಿ ಮಾರುಕಟ್ಟೆಗೆ ಬಂದ ಇದರ ವಿನ್ಯಾಸಕಾರರು ಪೌಲ್ ಹೆನ್ನಿಂಗ್ಸನ್ (1894–1967). ಅಂದಿನಿಂದ ಇಂದಿನವರೆಗೆ ಇದನ್ನು ತಯಾರಿಸುತ್ತಿರುವುದು ಲೂಯಿ ಪೌಲ್ಸನ್ ಸಂಸ್ಥೆ. 1874ರಲ್ಲಿ ಈ ಸಂಸ್ಥೆ ವೈನ್ ಆಮದು ವ್ಯಾಪಾರವಾಗಿ ಆರಂಭವಾಯಿತೆಂಬುದು ವರ್ತಕರಿಗೆ ಸ್ವಾರಸ್ಯಕರವೆನಿಸಬಹುದು. ದೀಪದ ಹೆಸರಿನಲ್ಲಿರುವುದು ವಿನ್ಯಾಸಕಾರರ ಮೊದಲಕ್ಷರಗಳು ಹಾಗೂ ದೊಡ್ಡ ಶೇಡಿನ 50 ಸೆಂಟಿಮೀಟರ್ ವ್ಯಾಸದ ಸೂಚನೆ, ಅಷ್ಟೆ.

ದೀಪದ ಮೂಲ ತತ್ತ್ವ ಇನ್ನೂ ಹಳೆಯದು. ಬರಿಯ ವಿದ್ಯುತ್ ಬಲ್ಬು ಕಣ್ಣು ಕೋರೈಸುತ್ತದೆ. ಅದನ್ನು ಮುಚ್ಚಿದರೆ ಬೆಳಕು ವ್ಯರ್ಥವಾಗುತ್ತದೆ. 1920ರ ದಶಕದ ಮಧ್ಯಭಾಗದಲ್ಲಿ ಹೆನ್ನಿಂಗ್ಸನ್ ಒಂದರ ಕೆಳಗೊಂದು ಮೂರು ಶೇಡುಗಳನ್ನಿಟ್ಟು, ಅವುಗಳ ಬಾಗನ್ನು ಲಾಗರಿದಮಿಕ್ ಸುರುಳಿಯಿಂದ ಪಡೆದರು. ಸುರುಳಿಯ ಕೇಂದ್ರದಲ್ಲಿ ಬಲ್ಬು ಇದ್ದಾಗ ಕಿರಣಗಳು ಶೇಡಿನ ಎಲ್ಲೆಡೆಯೂ ಒಂದೇ ಕೋನದಲ್ಲಿ ಬೀಳುತ್ತವೆ. ಪ್ರತಿಫಲಿತ ಬೆಳಕು ಮೃದುವಾಗಿ ಹರಡುತ್ತದೆ. ಅಂದವು ಇಲ್ಲಿ ಲೆಕ್ಕಾಚಾರದ ಫಲವೇ ಹೊರತು ಅಲಂಕಾರವಲ್ಲ.

ಪಿಎಚ್ 5 ಹುಟ್ಟಿದ್ದಕ್ಕೆ ಕಾರಣ ಮಾತ್ರ ಶುದ್ಧ ವ್ಯಾವಹಾರಿಕ. ಬಲ್ಬು ತಯಾರಕರು ಬಲ್ಬಿನ ಗಾತ್ರವನ್ನೂ ಆಕಾರವನ್ನೂ ಪದೇಪದೇ ಬದಲಿಸುತ್ತಿದ್ದರು. ನಿರ್ದಿಷ್ಟ ಬಲ್ಬಿಗೆಂದು ಅಳತೆ ಹಾಕಿ ಮಾಡಿದ ದೀಪ ಅದರಿಂದ ಕೆಡುತ್ತಿತ್ತು. ಅನ್ಯರು ತಯಾರಿಸುವ ಬಿಡಿಭಾಗವನ್ನು ನೆಚ್ಚಿರುವ ಯಾವ ಸಣ್ಣ ಕೈಗಾರಿಕೆಗೂ ಈ ಸಂಕಟ ಹೊಸದಲ್ಲ. ಹೆನ್ನಿಂಗ್ಸನ್ ಬಲ್ಬು ಯಾವುದಾದರೂ ಸರಿ, ಅದು ಯಾವ ದಿಕ್ಕಿನಿಂದಲೂ ಕಣ್ಣಿಗೆ ಬೀಳದಂತೆ ಶೇಡುಗಳನ್ನು ಜೋಡಿಸಿದರು. ಒಳಗಿನ ಸಣ್ಣ ಭಾಗಗಳಿಗೆ ಕೆಂಪು ಹಾಗೂ ನೀಲಿ ಬಣ್ಣ ಕೊಟ್ಟದ್ದೂ ಲೆಕ್ಕವಿಟ್ಟೇ: ಹಳದಿ-ಹಸಿರಿಗೆ ಹೆಚ್ಚು ಸ್ಪಂದಿಸುವ ಕಣ್ಣಿಗೆ ಆ ಎರಡು ಬಣ್ಣಗಳ ಕೊರತೆಯನ್ನು ತುಂಬಲು. ಇಂದು ಎಲ್‌ಇಡಿ ಬಲ್ಬು ಹಾಕಿದರೂ ದೀಪ ತನ್ನ ಕೆಲಸ ಮಾಡುತ್ತದೆ.

ಅಲ್ಯೂಮಿನಿಯಂ ತಗಡಿನ ಸ್ಪಿನ್ನಿಂಗ್ ಬಲ್ಲ ಕಾರ್ಖಾನೆಗೆ ಇದರ ಹೊರರೂಪವನ್ನು ನಕಲು ಮಾಡುವುದು ಅಸಾಧ್ಯವಲ್ಲ. ವಿದೇಶಿ ಖರೀದಿದಾರರು ಛಾಯಾಚಿತ್ರ ಕಳುಹಿಸಿ ‘ಇಂಥದ್ದೇ ಬೇಕು’ ಎಂದಾಗ ಎಚ್ಚರ ಅಗತ್ಯ. ಡೆನ್ಮಾರ್ಕಿನಲ್ಲಿ ಅನ್ವಯಿಕ ಕಲೆಗೂ ಕರ್ತೃವಿನ ಮರಣಾನಂತರ 70 ವರ್ಷ ಕೃತಿಸ್ವಾಮ್ಯವಿದೆ. ಹೆನ್ನಿಂಗ್ಸನ್ ಅವರ ಕೃತಿಗಳಿಗೆ ಅದು 2037ರ ಕೊನೆಯವರೆಗೆ ಸಲ್ಲುತ್ತದೆ. ಕೈಗಾರಿಕಾ ವಸ್ತುಗಳಿಗೆ 25 ವರ್ಷಗಳ ಮಿತಿಯಿದ್ದ ಬ್ರಿಟನ್ 2016ರ ಜುಲೈ 28ರಂದು ಆ ಮಿತಿಯನ್ನು ತೆಗೆಯಿತು. ಪ್ರತಿಕೃತಿಗಳ ವರ್ತಕರಿಗೆ ದಾಸ್ತಾನು ಖಾಲಿ ಮಾಡಲು ದೊರೆತದ್ದು ಆರು ತಿಂಗಳು ಮಾತ್ರ.

ಭಾರತದ ಕಾನೂನು ಬೇರೆ ಜಾಡಿನದು. 1957ರ ಕೃತಿಸ್ವಾಮ್ಯ ಕಾಯ್ದೆಯ 15ನೆಯ ಪ್ರಕರಣದಂತೆ, ನೋಂದಣಿಗೆ ಅರ್ಹವಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದೊಡನೆ ಅದರ ಕೃತಿಸ್ವಾಮ್ಯ ಅಳಿಯುತ್ತದೆ. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ ದೊರೆಯುತ್ತದೆ. ಆದರೆ ಅರ್ಜಿಗೆ ಮೊದಲೇ ಮಾದರಿಯನ್ನು ಕ್ಯಾಟಲಾಗಿನಲ್ಲಿ ಅಚ್ಚು ಹಾಕಿಸಿದ ತಯಾರಕರು ಸಾಮಾನ್ಯವಾಗಿ ಆ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ.